ಇರಾನ್ ತೈಲಕ್ಕೆ ಬಿದ್ದ ಬೀಗ: ದಿಗ್ಬಂಧನ ಕೆಲಸ ಮಾಡುವ ಬಗೆ

ಮಂಗಳೂರಿನ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಸ್ಥಾವರವು ಒಂದು ಕಾಲದಲ್ಲಿ ಭಾರತದಲ್ಲಿ ಇರಾನ್ ತೈಲದ ಅತಿ ದೊಡ್ಡ ಗ್ರಾಹಕನಾಗಿತ್ತು. 2013ರಲ್ಲಿ ಕೆಲವು ತಿಂಗಳ ಕಾಲ ಅದು ಇರಾನಿನಿಂದ ತೈಲ ತರಿಸುವುದನ್ನೇ ನಿಲ್ಲಿಸಬೇಕಾಯಿತು. ಇರಾನಿನಲ್ಲಿ ತೈಲದ ಕೊರತೆ ಇರಲಿಲ್ಲ. ಹಡಗುಗಳನ್ನು ತಡೆಯಲು ಅರಬ್ಬಿ ಸಮುದ್ರದಲ್ಲಿ ಯಾವ ನೌಕಾಪಡೆಯೂ ನಿಂತಿರಲಿಲ್ಲ. ಅಡ್ಡ ಬಂದದ್ದು ವಿಮೆ. ಇರಾನ್ ತೈಲವನ್ನು ಬಳಸುವ ಸ್ಥಾವರಕ್ಕೆ ವಿಮೆ ನೀಡಿದರೆ ತಮಗೆ ಐರೋಪ್ಯ ಕಂಪನಿಗಳಿಂದ ಮರುವಿಮೆ ದೊರೆಯದೆಂದು ದೇಶೀಯ ವಿಮಾ ಕಂಪನಿಗಳು ಹಿಂಜರಿದಿದ್ದವು.

ದಿಗ್ಬಂಧನವೆಂದೊಡನೆ ಬಂದರಿಗೆ ಹಾಕುವ ಮುತ್ತಿಗೆಯ ಚಿತ್ರ ಕಣ್ಮುಂದೆ ಬರುವುದು ಸಹಜ. ಇಂದಿನ ದಿಗ್ಬಂಧನ ನಡೆಯುವುದು ಬ್ಯಾಂಕು, ವಿಮೆ ಮತ್ತು ಹಡಗು ಬಾಡಿಗೆಯ ಕಾಗದಪತ್ರಗಳಲ್ಲಿ. ಅದು ಎಷ್ಟು ಬಿಗಿಯಾಗುತ್ತದೆ ಎಂಬುದನ್ನು ಮಿತ್ರರಾಷ್ಟ್ರಗಳ ಒಗ್ಗಟ್ಟು ಬಹುಮಟ್ಟಿಗೆ ನಿರ್ಧರಿಸುತ್ತದೆ. ಇರಾನಿನ ಏಳು ದಶಕಗಳ ಅನುಭವ ಇದಕ್ಕೆ ಸಾಕ್ಷಿ.

ಮೊದಲ ಪಾಠ: 1951

ಇರಾನ್ ತನ್ನ ತೈಲೋದ್ಯಮವನ್ನು ರಾಷ್ಟ್ರೀಕರಣಗೊಳಿಸಿದ್ದು 1951ರಲ್ಲಿ. ಆಂಗ್ಲೋ-ಇರಾನಿಯನ್ ತೈಲ ಕಂಪನಿಯನ್ನು ಕಳೆದುಕೊಂಡ ಬ್ರಿಟನ್, ಆ ತೈಲವನ್ನು ಕೊಂಡವರ ಮೇಲೆ ಮೊಕದ್ದಮೆ ಹೂಡುವುದಾಗಿ ಬೆದರಿಸಿತು. 1952ರಲ್ಲಿ ಇರಾನ್ ತೈಲ ಹೊತ್ತು ಸಾಗುತ್ತಿದ್ದ ‘ರೋಸ್ ಮೇರಿ’ ಹಡಗನ್ನು ಏಡನ್ ಬಂದರಿನಲ್ಲಿ ತಡೆಹಿಡಿಯಲಾಯಿತು. ಇತರ ಹಡಗು ಮಾಲೀಕರಿಗೆ ಅಷ್ಟು ಎಚ್ಚರಿಕೆ ಸಾಕಾಯಿತು. ಅಮೆರಿಕದ ದೊಡ್ಡ ಕಂಪನಿಗಳೂ ಬ್ರಿಟನ್ನಿನ ಜತೆಗೆ ನಿಂತವು. ಸೌದಿ ಅರೇಬಿಯಾ, ಕುವೈತ್ ಮತ್ತು ಇರಾಕ್‌ಗಳ ಹೆಚ್ಚುವರಿ ಉತ್ಪಾದನೆಯಿಂದ ಮಾರುಕಟ್ಟೆಯ ಕೊರತೆ ನೀಗಿತು. ಇರಾನಿನ ರಫ್ತು ಬಹುತೇಕ ನಿಂತೇಹೋಯಿತು. ಪ್ರಧಾನಿ ಮೊಹಮ್ಮದ್ ಮೊಸಾದೆಗ್ ಅವರ ಸರ್ಕಾರವನ್ನು 1953ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ ಬೆಂಬಲಿತ ಕ್ಷಿಪ್ರಕ್ರಾಂತಿ ಉರುಳಿಸಿತು. ಬದಲಿ ತೈಲ ಸಿಗದಿದ್ದರೆ ಬ್ರಿಟನ್ನಿಗೆ ಅಷ್ಟು ದಿನ ಕಾಯುವುದು ಸುಲಭವಾಗುತ್ತಿರಲಿಲ್ಲ.

ಮಿತ್ರರು ಒಪ್ಪದಾಗ ಏನಾಗುತ್ತದೆ ಎಂಬುದು 1990ರ ದಶಕದಲ್ಲಿ ಕಂಡುಬಂತು. ಇರಾನಿನ ಇಂಧನ ಕ್ಷೇತ್ರದಲ್ಲಿ ಬಂಡವಾಳ ಹೂಡುವ ವಿದೇಶಿ ಕಂಪನಿಗಳನ್ನು ದಂಡಿಸಲು ಅಮೆರಿಕ 1996ರಲ್ಲಿ ಕಾನೂನು ತಂದಿತು. ಐರೋಪ್ಯ ಒಕ್ಕೂಟ ಕೆರಳಿ ಪ್ರತಿಕಾನೂನನ್ನೇ ರಚಿಸಿತು. ಸೌತ್ ಪಾರ್ಸ್ ಅನಿಲ ನಿಕ್ಷೇಪದಲ್ಲಿ ಹಣ ಹೂಡಿದ್ದ ಫ್ರಾನ್ಸಿನ ಟೋಟಲ್, ರಷ್ಯಾದ ಗ್ಯಾಜ್‌ಪ್ರೊಮ್ ಮತ್ತು ಮಲೇಷ್ಯಾದ ಪೆಟ್ರೊನಾಸ್ ಕಂಪನಿಗಳಿಗೆ 1998ರಲ್ಲಿ ಅಮೆರಿಕವೇ ವಿನಾಯಿತಿ ನೀಡಬೇಕಾಯಿತು.

ಕುಣಿಕೆ ಬಿಗಿದದ್ದು ಹೀಗೆ

ಇರಾನಿನ ಪರಮಾಣು ಕಾರ್ಯಕ್ರಮ ವಿವಾದಕ್ಕೆ ಸಿಲುಕಿದ ಬಳಿಕ ಪರಿಸ್ಥಿತಿ ಬದಲಾಯಿತು. 2010ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1929ನೇ ನಿರ್ಣಯವನ್ನು ಅಂಗೀಕರಿಸಿದಾಗ ರಷ್ಯಾ ಮತ್ತು ಚೀನಾ ಕೂಡ ಪರವಾಗಿ ಮತ ಹಾಕಿದ್ದವು. 2012ರ ಮಾರ್ಚ್‌ನಲ್ಲಿ ಇರಾನಿನ ಬ್ಯಾಂಕುಗಳು ‘ಸ್ವಿಫ್ಟ್’ ಹಣಕಾಸು ಸಂದೇಶ ಜಾಲದಿಂದ ಹೊರಬಿದ್ದವು. ಜುಲೈ 1ರಿಂದ ಐರೋಪ್ಯ ಒಕ್ಕೂಟ ತೈಲ ಖರೀದಿಯನ್ನೂ, ಆ ತೈಲ ಸಾಗಿಸುವ ಹಡಗುಗಳಿಗೆ ವಿಮೆ ನೀಡುವುದನ್ನೂ ನಿಷೇಧಿಸಿತು. 2011ರಲ್ಲಿ ದಿನಕ್ಕೆ ಸುಮಾರು 25 ಲಕ್ಷ ಬ್ಯಾರೆಲ್ ಇದ್ದ ಇರಾನಿನ ತೈಲ ರಫ್ತು 2013ರಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತು.

ಭಾರತಕ್ಕೆ ತೈಲ ತರುವುದಕ್ಕಿಂತ ಹಣ ಪಾವತಿಸುವುದೇ ದೊಡ್ಡ ತಲೆನೋವಾಯಿತು. 2010ರ ಡಿಸೆಂಬರ್‌ನಲ್ಲಿ ಏಷ್ಯನ್ ಕ್ಲಿಯರಿಂಗ್ ಯೂನಿಯನ್ ಮೂಲಕ ನಡೆಯುತ್ತಿದ್ದ ಪಾವತಿಯನ್ನು ರಿಸರ್ವ್ ಬ್ಯಾಂಕ್ ನಿಲ್ಲಿಸಿತು. ಬಳಿಕ ಜರ್ಮನಿಯ ಬ್ಯಾಂಕೊಂದರ ದಾರಿ ಹಿಡಿಯಲಾಯಿತು, ಅದೂ ಮುಚ್ಚಿತು. ಟರ್ಕಿಯ ಹಾಲ್ಕ್‌ಬ್ಯಾಂಕ್ ಸಹ ಬಹುಕಾಲ ನೆರವಾಗಲಿಲ್ಲ. ಕೊನೆಗೆ ಕೋಲ್ಕತ್ತದ ಯುಕೋ ಬ್ಯಾಂಕಿನ ಖಾತೆಗೆ ಬೆಲೆಯ ಶೇ 45 ಭಾಗವನ್ನು ರೂಪಾಯಿಯಲ್ಲಿ ಜಮಾ ಮಾಡುವ ಏರ್ಪಾಡಾಯಿತು. ಅಮೆರಿಕದಲ್ಲಿ ಹೆಚ್ಚಿನ ವ್ಯವಹಾರವಿಲ್ಲದ ಬ್ಯಾಂಕಾದ್ದರಿಂದ ಅದಕ್ಕೆ ಕಳೆದುಕೊಳ್ಳುವ ಭಯ ಕಡಿಮೆಯಿತ್ತು. ಆ ರೂಪಾಯಿಯಿಂದ ಇರಾನ್ ನಮ್ಮ ಬಾಸ್ಮತಿ ಅಕ್ಕಿ ಕೊಂಡಿತು. ಉಳಿದ ಬಾಕಿ ಬೆಳೆಯುತ್ತಾ 600 ಕೋಟಿ ಡಾಲರ್ ದಾಟಿತು. ಅದು ತೀರಿದ್ದು ನಿರ್ಬಂಧ ಸಡಿಲಗೊಂಡ ನಂತರ, 2016ರಲ್ಲಿ.

ಎಲ್ಲ ದಿಕ್ಕಿನಿಂದಲೂ ಬಂದ ಈ ಒತ್ತಡ ಫಲ ಕೊಟ್ಟಿತೆಂದೇ ಹೇಳಬೇಕು. 2015ರ ಜುಲೈ ಒಪ್ಪಂದದಲ್ಲಿ ಇರಾನ್ ತನ್ನ ಯುರೇನಿಯಂ ಸಂವರ್ಧನೆಯನ್ನು ಶೇ 3.67ಕ್ಕೆ ಮಿತಿಗೊಳಿಸಲು ಒಪ್ಪಿತು. ಮರುವರ್ಷ ಮಂಗಳೂರಿನ ಭೂಗತ ತೈಲ ಸಂಗ್ರಹಾಗಾರಕ್ಕೆ ಮೊದಲು ತುಂಬಿದ್ದೂ ಇರಾನ್ ತೈಲವನ್ನೇ.

ಒಂಟಿಯಾಗಿ ಬಿಗಿದಾಗ

2018ರ ಮೇನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಪ್ಪಂದದಿಂದ ಹೊರನಡೆದರು. ಬ್ರಿಟನ್, ಫ್ರಾನ್ಸ್ ಮತ್ತು ಜರ್ಮನಿ ಒಪ್ಪಲಿಲ್ಲ; ಡಾಲರ್ ಬಳಸದೆ ಇರಾನಿನೊಡನೆ ವ್ಯಾಪಾರ ನಡೆಸಲು 2019ರಲ್ಲಿ ‘ಇನ್‌ಸ್ಟೆಕ್ಸ್’ ಎಂಬ ವ್ಯವಸ್ಥೆಯನ್ನೂ ಹುಟ್ಟುಹಾಕಿದವು. 2023ರಲ್ಲಿ ಮುಚ್ಚುವ ಹೊತ್ತಿಗೆ ಅದು ನಡೆಸಿದ್ದ ವಹಿವಾಟು ಒಂದೇ ಒಂದು, ಅದೂ ವೈದ್ಯಕೀಯ ಸಾಮಗ್ರಿಯದು! ಸರ್ಕಾರಗಳು ಏನೇ ಹೇಳಲಿ, ಡಾಲರ್ ಮಾರುಕಟ್ಟೆಯಿಂದ ಹೊರದಬ್ಬಿಸಿಕೊಳ್ಳಲು ಕಂಪನಿಗಳು ಸಿದ್ಧವಿರಲಿಲ್ಲ. ಟೋಟಲ್ ಕೂಡ ಸೌತ್ ಪಾರ್ಸ್‌ನಿಂದ ಕಾಲ್ತೆಗೆಯಿತು. 2018-19ರಲ್ಲಿ ಸುಮಾರು 2.4 ಕೋಟಿ ಟನ್ ಇರಾನ್ ತೈಲ ಕೊಂಡಿದ್ದ ಭಾರತ, ವಿನಾಯಿತಿ ಮುಗಿದ 2019ರ ಮೇನಲ್ಲಿ ಖರೀದಿ ನಿಲ್ಲಿಸಿತು.

ಇರಾನಿನ ಆದಾಯ ಕುಸಿಯಿತಾದರೂ ರಾಜಿಗೆ ದಾರಿ ತೆರೆಯಲಿಲ್ಲ. ಬದಲಿಗೆ 2021ರ ಏಪ್ರಿಲ್‌ನಲ್ಲಿ ಅದು ಯುರೇನಿಯಂ ಸಂವರ್ಧನೆಯನ್ನು ಶೇ 60ಕ್ಕೆ ಏರಿಸಿತು. ರಿಯಾಯಿತಿ ದರದ ತೈಲಕ್ಕೆ ಚೀನಾದ ಖಾಸಗಿ ಸಂಸ್ಕರಣಾಗಾರಗಳು ಮುಖ್ಯ ಗಿರಾಕಿಗಳಾದವು. ಪಾಶ್ಚಾತ್ಯ ವಿಮೆಯ ಹಂಗಿಲ್ಲದ ಹಳೆಯ ಹಡಗುಗಳು ಅದನ್ನು ಸಾಗಿಸತೊಡಗಿದವು. ಉಕ್ರೇನ್ ಯುದ್ಧದ ನಂತರ ರಷ್ಯಾ ಹಿಡಿದದ್ದೂ ಇದೇ ದಾರಿ. 2022ರ ಡಿಸೆಂಬರ್‌ನಲ್ಲಿ ಜಿ-7 ರಾಷ್ಟ್ರಗಳು ರಷ್ಯಾ ತೈಲಕ್ಕೆ ಬ್ಯಾರೆಲ್‌ಗೆ 60 ಡಾಲರ್ ಬೆಲೆಮಿತಿ ಹೇರಿದಾಗಲೂ ಅಸ್ತ್ರವಾದದ್ದು ಹಡಗು ವಿಮೆ ಮತ್ತು ಸಾಗಣೆ ಸೇವೆಯೇ.

2025ರ ಜೂನ್‌ನಲ್ಲಿ ಇಸ್ರೇಲ್, ಬಳಿಕ ಅಮೆರಿಕ ಇರಾನಿನ ಪರಮಾಣು ನೆಲೆಗಳ ಮೇಲೆ ದಾಳಿ ನಡೆಸಿದವು. ಅದೇ ಸೆಪ್ಟೆಂಬರ್ ಅಂತ್ಯದಲ್ಲಿ ಐರೋಪ್ಯ ರಾಷ್ಟ್ರಗಳ ಕೋರಿಕೆಯಂತೆ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳು ಮರುಜಾರಿಯಾದವು. 2010ರಲ್ಲಿ ಅವುಗಳ ಪರವಾಗಿ ಕೈ ಎತ್ತಿದ್ದ ರಷ್ಯಾ ಮತ್ತು ಚೀನಾ ಈ ಬಾರಿ ಅವುಗಳನ್ನು ಮಾನ್ಯ ಮಾಡಲು ನಿರಾಕರಿಸಿದವು.