ಶಿಶುಪಾಲನಾ ಕೇಂದ್ರದ ಆಯ್ಕೆ: ಆರೋಗ್ಯ ಮತ್ತು ಸುರಕ್ಷತಾ ನಿಯಮಗಳ ಪರಿಶೀಲನೆ

ತಂದೆತಾಯಿ ದುಡಿಮೆಗೆ ಹೋದ ಹೊತ್ತಿನಲ್ಲಿ ಶಾಲೆಗೆ ಸೇರದ ಮಕ್ಕಳನ್ನು ನೋಡಿಕೊಳ್ಳುವ ಸ್ಥಳ ಶಿಶುಪಾಲನಾ ಕೇಂದ್ರ. ನಗರಗಳಲ್ಲಿ ಡೇ ಕೇರ್ ಎಂದೇ ರೂಢಿ. ಕೇಂದ್ರವನ್ನು ಆರಿಸುವಾಗ ಅಲ್ಲಿನ ನಿಯಮಗಳನ್ನು ಓದಿದರೆ ಸಾಲದು, ಅವು ನಡೆಯುತ್ತಿವೆಯೇ ಎಂದು ಕಣ್ಣಾರೆ ನೋಡಬೇಕು. ಮಾತು ಬಾರದ ಕೂಸು ಹಗಲು ನಡೆದದ್ದನ್ನು ಸಂಜೆ ಹೇಳಲಾರದು.

ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯ್ದೆ ಮಹಿಳಾ ಕಾರ್ಮಿಕರ ಮಕ್ಕಳಿಗೆ ಕೊಠಡಿ ಒದಗಿಸುವುದನ್ನು ಕಡ್ಡಾಯಗೊಳಿಸಿತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಈ ಹೊಣೆ ಹೊರಿಸಿ, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಲು ಅವಕಾಶ ಕೊಟ್ಟಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗಾಗಿ 'ಕೂಸಿನ ಮನೆ'ಗಳಿವೆ. ಬಡಾವಣೆಯ ಮನೆಯೊಂದರಲ್ಲಿ ನಡೆಯುವ ಖಾಸಗಿ ಡೇ ಕೇರ್‌ಗಳಿಗೆ ಉದ್ಯೋಗದಾತರ ಮೇಲಿನ ಈ ಕಾನೂನುಗಳು ನೇರವಾಗಿ ಅನ್ವಯಿಸುವುದಿಲ್ಲ. ಅಲ್ಲಿ ಹೆತ್ತವರ ಪರಿಶೀಲನೆಯೇ ಮುಖ್ಯ ಕಾವಲು.

ಮೊದಲು ಕೇಳಬೇಕಾದ್ದು ಒಬ್ಬ ಆಯಾಗೆ ಎಷ್ಟು ಮಕ್ಕಳು ಎಂಬುದು. ಇಂಗ್ಲೆಂಡಿನ ನಿಯಮದಂತೆ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲೇಬೇಕು. ಕೇಂದ್ರದವರು ಹೇಳುವ ಸಂಖ್ಯೆ ಬೆಳಗಿನದು. ಊಟದ ಹೊತ್ತಿನಲ್ಲಿ, ಒಬ್ಬ ಆಯಾ ರಜೆ ಹಾಕಿದ ದಿನ ಲೆಕ್ಕ ಏನಾಗುತ್ತದೆ ಎಂದು ವಿಚಾರಿಸಬೇಕು. ಸಿಸಿಟಿವಿ ಇದೆಯೆಂಬ ಸಮಾಧಾನ ಈ ಕೊರತೆಯನ್ನು ತುಂಬುವುದಿಲ್ಲ. ಕ್ಯಾಮೆರಾ ಬೀಳುವ ಮಗುವನ್ನು ಹಿಡಿಯಲಾರದು.

ಕಾಯಿಲೆಯ ನಿಯಮ ಬರಹದಲ್ಲಿರಬೇಕು. ಜ್ವರ ಬಂದ ಮಗು ಔಷಧಿಯಿಲ್ಲದೆ 24 ಗಂಟೆ ಜ್ವರಮುಕ್ತವಾಗಿರುವುದು, ಚಿಕನ್‌ಪಾಕ್ಸ್ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಮನೆಯಲ್ಲಿರುವುದು ಸಾಮಾನ್ಯ ಪದ್ಧತಿ. ರಜೆ ಸಿಗದ ಪೋಷಕರು ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಬಿಟ್ಟುಹೋಗುವುದುಂಟು. ಮಧ್ಯಾಹ್ನ ಜ್ವರ ಮತ್ತೆ ಏರುವ ಹೊತ್ತಿಗೆ ಸೋಂಕು ಹತ್ತು ಮಕ್ಕಳ ನಡುವೆ ಇರುತ್ತದೆ. ಆಯಾಗಳಿಗೆ ಸಂಬಳ ಕಡಿತವಿಲ್ಲದ ಅನಾರೋಗ್ಯ ರಜೆ ಉಂಟೇ ಎಂದೂ ಕೇಳಬೇಕು. ಇಲ್ಲವಾದರೆ ಕೆಮ್ಮುತ್ತಲೇ ಅವರು ಕೆಲಸಕ್ಕೆ ಬರುತ್ತಾರೆ, ಅದು ಅವರ ತಪ್ಪಲ್ಲ. ಸೇರಿಸಿಕೊಳ್ಳುವಾಗ ತಾಯಿ ಕಾರ್ಡಿನಲ್ಲಿರುವ ಲಸಿಕೆಗಳ ದಾಖಲೆ ನೋಡುವ ಕೇಂದ್ರ, ಡಯಾಪರ್ ಬದಲಿಸಿದ ಪ್ರತಿ ಸಲವೂ ಸೋಪಿನಿಂದ ಕೈತೊಳೆಯುವ ಆಯಾ ನಂಬಿಕೆಗೆ ಯೋಗ್ಯರು.

ಒಂದು ವರ್ಷದೊಳಗಿನ ಕೂಸನ್ನು ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ಬಳಿಯಲ್ಲಿ ದಿಂಬು, ಮೆತ್ತನೆಯ ಗೊಂಬೆ ಇರಬಾರದು. ತಲೆ ದುಂಡಗಾಗಲೆಂದು ನಮ್ಮ ಮನೆಗಳಲ್ಲಿ ಇಡುವ ಸಾಸಿವೆ ದಿಂಬೂ ಇಲ್ಲಿ ಬೇಡ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸುವ ಪ್ರಚಾರ ಆರಂಭವಾದ ಮೇಲೆ ನಿದ್ದೆಯಲ್ಲಿನ ಹಠಾತ್ ಶಿಶುಮರಣದ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ಊಟದಲ್ಲಿ ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಹೆಚ್ಚದ ದ್ರಾಕ್ಷಿ ಎಳೆಯ ಮಕ್ಕಳಿಗೆ ಅಪಾಯಕಾರಿ. ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ನಮ್ಮಲ್ಲಿ ಕಡಲೆಕಾಯಿ ಬೀಜದ್ದೇ ಮೇಲುಗೈ. ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡುತ್ತೀರಿ ಎಂದು ಆಯಾರನ್ನೇ ಕೇಳಬೇಕು, ಒಡತಿಯನ್ನಲ್ಲ.

ಕಟ್ಟಡದಲ್ಲಿ ಎರಡನೆಯ ಬಾಗಿಲನ್ನು ಹುಡುಕಿ, ತೆಗೆದು ನೋಡಬೇಕು. 2009ರ ಜೂನ್ 5ರಂದು ಮೆಕ್ಸಿಕೊದ ಎರ್ಮೊಸಿಯೊ ನಗರದ ಎಬಿಸಿ ಶಿಶುಪಾಲನಾ ಕೇಂದ್ರಕ್ಕೆ ಪಕ್ಕದ ಗೋದಾಮಿನಿಂದ ಬೆಂಕಿ ಹಬ್ಬಿ 49 ಮಕ್ಕಳು ಸತ್ತರು. ಹೊರಬರಲು ಸಾಕಷ್ಟು ದಾರಿಗಳಿರಲಿಲ್ಲ. ಹೆತ್ತವರ ಹೋರಾಟದಿಂದ 2011ರಲ್ಲಿ ಅಲ್ಲಿ ಶಿಶುಪಾಲನೆಯ ರಾಷ್ಟ್ರೀಯ ಕಾನೂನು ಬಂತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂ ಶಾಲೆಯ ಹುಲ್ಲುಮಾಡಿಗೆ ಹೊತ್ತಿದ ಬೆಂಕಿಯಲ್ಲಿ 94 ಮಕ್ಕಳು ಮಡಿದರು. ಬೆಂಕಿಯ ಅಪಾಯ ತಗ್ಗಿಸಲು ಗ್ಯಾಸ್ ಸಿಲಿಂಡರ್ ಇರುವ ಅಡುಗೆಮನೆ ಮಕ್ಕಳ ಕೋಣೆಯಿಂದ ದೂರವಿರಬೇಕು.

ಸಿಬ್ಬಂದಿಯ ಪೊಲೀಸ್ ಪರಿಶೀಲನೆ, ಮಗುವನ್ನು ಯಾರ ಕೈಗೆ ಒಪ್ಪಿಸಬಹುದು ಎಂಬ ಲಿಖಿತ ಪಟ್ಟಿ, ಹೆತ್ತವರು ಮುನ್ಸೂಚನೆಯಿಲ್ಲದೆ ಒಳಬರುವ ಹಕ್ಕು ಇವು ಬಿಡಲಾಗದವು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕೇಂದ್ರದವರಿಗೂ ಕಡ್ಡಾಯ. ಮುಚ್ಚಿಟ್ಟರೆ ಅದೇ ಶಿಕ್ಷಾರ್ಹ ಅಪರಾಧ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.