ಗೋವೆಯ ಗೋಮುಖ

ಗೋವೆಗೆ ಹೋದವರು ಕಡಲು ನೋಡಿ ಬರುತ್ತಾರೆ. ನಾನು ನೋಡಹೋದದ್ದು ಒರತೆಗಳನ್ನು. ಪಣಜಿಯ ಆಲ್ತಿನ್ಹೊ ಗುಡ್ಡದ ಬುಡದಲ್ಲಿ ಎರಡು ಹಳೆಯ ಒರತೆಗಳಿವೆ. ಮಳಾ ಕೇರಿಯದು ಫೊಂತೆ ಫೀನಿಕ್ಸ್. ಇನ್ನೊಂದು ಬೊಕಾ ದ ವಾಕಾ. ಪೋರ್ತುಗೀಸಿನಲ್ಲಿ ಹಾಗೆಂದರೆ ಹಸುವಿನ ಬಾಯಿ. ನಮ್ಮ ಗೋಮುಖವೇ ಅಲ್ಲವೇ! ಮಳಾಕ್ಕೆ ತಾಗಿದ ಫೊಂತೈನ್ಯಾಸ್ ಕೇರಿಯ ಹೆಸರಿಗೂ ಸಣ್ಣ ಚಿಲುಮೆಗಳು ಅಂತಲೇ ಅರ್ಥ. 1843ರಲ್ಲಿ ಪಣಜಿ ಪೋರ್ತುಗೀಸರ ರಾಜಧಾನಿಯಾಯಿತು. ನಲ್ಲಿ ಬರುವ ಮುಂಚೆ ಜನ ಕೊಡ ಹಿಡಿದು ಬರುತ್ತಿದ್ದುದು ಇಂಥ ಒರತೆಗಳಿಗೇ.

ವೆರ್ಣೆ ಹತ್ತಿರದ ಕೇಸರವಾಳದಲ್ಲಿ ಜನ ಧಾರೆಗೆ ತಲೆಯೊಡ್ಡಿ ಮೀಯುತ್ತಾರೆ. ಚರ್ಮರೋಗ ಹೋಗುತ್ತದೆಂಬ ನಂಬಿಕೆ.

ಈ ನೀರು ಎಲ್ಲಿಂದ ಬರುತ್ತೆ? ಗುಡ್ಡದ ನೆತ್ತಿಯ ಚಿರೆಕಲ್ಲು ತೂತುತೂತು. ಮಳೆನೀರು ಅದರೊಳಗೆ ಇಳಿಯುತ್ತೆ. ಕೆಳಗಿನ ಜೇಡಿಮಣ್ಣು ತಡೆದಾಗ ಪಕ್ಕಕ್ಕೆ ಸರಿದು ಬುಡದಲ್ಲಿ ಹೊರಬೀಳುತ್ತೆ. ನೆತ್ತಿಗೆ ಸಿಮೆಂಟು ಹಾಸಿದರೆ, ಕಲ್ಲು ಕಡಿದು ಗುಂಡಿ ಮಾಡಿದರೆ, ಕೆಳಗಿನ ಧಾರೆ ಸೊರಗುತ್ತೆ.

ನಮ್ಮ ಕರಾವಳಿಯ ಗುಡ್ಡಗಳೂ ಅದೇ ಚಿರೆಕಲ್ಲಿನವು. ಮಾಸ್ತರರು ಮಕ್ಕಳನ್ನು ಒರತೆ ತೋರಿಸಲು ಕರೆದೊಯ್ದ ದಿನ ಗುಡ್ಡವನ್ನೂ ಹತ್ತಿಸಲಿ. ಮಳೆ ನಿಂತ ಮೇಲೆ ನೀರು ಎಷ್ಟು ತಿಂಗಳು ಹರಿಯಿತು ಅಂತ ಮಕ್ಕಳು ವರ್ಷವರ್ಷ ಬರೆದಿಟ್ಟರೆ, ಊರಿನ ಚರಿತ್ರೆಯಲ್ಲಿ ಅದೂ ಒಂದು ಪುಟವಾದೀತು.