ನೆಕ್ಕರ್ ದಂಡೆಯ ವಿದ್ಯಾನಗರಿ ಟ್ಯೂಬಿಂಗೆನ್

ಕನ್ನಡ ಕಲಿತವರಿಗೆ ಕಿಟ್ಟೆಲ್ ನಿಘಂಟಿನ ಪರಿಚಯ ಇದ್ದೇ ಇರುತ್ತದೆ. ಸುಮಾರು 70,000 ಶಬ್ದಗಳ ಆ ಮಹಾಗ್ರಂಥ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಅದನ್ನು ರಚಿಸಿದ ಫರ್ಡಿನಾಂಡ್ ಕಿಟ್ಟೆಲ್ ತಮ್ಮ ಕೊನೆಯ ವರ್ಷಗಳನ್ನು ಎಲ್ಲಿ ಕಳೆದರು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲೆವು? ಜರ್ಮನಿಯ ನೈಋತ್ಯ ಭಾಗದಲ್ಲಿ ನೆಕ್ಕರ್ ನದಿಯ ದಂಡೆಯ ಮೇಲಿರುವ ಟ್ಯೂಬಿಂಗೆನ್ ಎಂಬ ಪುಟ್ಟ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರ ಡಿಸೆಂಬರ್‌ನಲ್ಲಿ ಅವರು ಅದೇ ಊರಿನಲ್ಲಿ ನಿಧನರಾದರು.

ಆ ಊರನ್ನು ನಾವು ತಿಳಿಯಬೇಕಾದುದು ಕಿಟ್ಟೆಲ್ ಅವರೊಬ್ಬರ ಕಾರಣಕ್ಕಲ್ಲ. ಒಂದು ಸಣ್ಣ ಊರನ್ನು ವಿದ್ಯೆ ಎಷ್ಟು ಎತ್ತರಕ್ಕೆ ಏರಿಸಬಲ್ಲದು ಎಂಬುದಕ್ಕೆ ಟ್ಯೂಬಿಂಗೆನ್ ಸಾಕ್ಷಿ. ನ್ಯಾಯವನ್ನು ಮರೆತ ವಿದ್ಯೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಅದೇ ಸಾಕ್ಷಿ.

ಇಂದು ಆ ನಗರದ ಜನಸಂಖ್ಯೆ ಸುಮಾರು 90 ಸಾವಿರ. ವಿದ್ಯಾರ್ಥಿಗಳ ಸಂಖ್ಯೆಯೇ 25 ಸಾವಿರಕ್ಕೂ ಹೆಚ್ಚು! ಗುಡ್ಡದ ಮೇಲೆ ಹಳೆಯ ಕೋಟೆ, ಕೆಳಗೆ ಇಕ್ಕಟ್ಟಾದ ಓಣಿಗಳು, ನದಿಯಲ್ಲಿ ಉದ್ದನೆಯ ಜಲ್ಲೆ ಊರಿ ನಡೆಸುವ ದೋಣಿಗಳು. ಊರಿನಲ್ಲಿ ವಿಶ್ವವಿದ್ಯಾಲಯ ಇದೆ ಎನ್ನುವುದಕ್ಕಿಂತ ಊರೇ ಒಂದು ವಿಶ್ವವಿದ್ಯಾಲಯ ಎನ್ನುವುದು ವಾಡಿಕೆ.

ಈ ವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದವನು ವುರ್ಟೆಂಬರ್ಗ್‌ನ ದೊರೆ ಎಬರ್‌ಹಾರ್ಡ್. ಆ ಕಾಲದ ವಿದ್ವಾಂಸರ ಭಾಷೆ ಲ್ಯಾಟಿನ್. ಸ್ವಾರಸ್ಯವೆಂದರೆ ಎಬರ್‌ಹಾರ್ಡನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಬಾಲ್ಯದಲ್ಲಿ ಅವನಿಗೆ ಅದನ್ನು ಕಲಿಸಿರಲಿಲ್ಲ. ತನಗೆ ದಕ್ಕದ ವಿದ್ಯೆ ನಾಡಿನ ಮಕ್ಕಳಿಗೆ ದಕ್ಕಲಿ ಎಂಬಂತೆ ಅವನು ಈ ಕೆಲಸಕ್ಕೆ ಕೈಹಾಕಿದನು. ಅವನ ತಾಯಿ ಮೆಖ್‌ಟಿಲ್ಡ್ ವಿದ್ಯಾಪಕ್ಷಪಾತಿ. ಈ ಕಾರ್ಯಕ್ಕೆ ಆಕೆಯ ಪ್ರೋತ್ಸಾಹವಿತ್ತು. ಖರ್ಚಿಗಾಗಿ ಸಿಂಡೆಲ್‌ಫಿಂಗೆನ್ ಎಂಬ ಊರಿನ ಚರ್ಚಿನ ದತ್ತಿ ಆದಾಯದ ಬಹುಪಾಲನ್ನು ಇಲ್ಲಿಗೆ ವರ್ಗಾಯಿಸಲಾಯಿತು. 'ನಾನು ಧೈರ್ಯ ಮಾಡುವೆ' ಎಂಬರ್ಥದ ಒಂದೇ ಒಂದು ಲ್ಯಾಟಿನ್ ಪದ ಅವನ ಧ್ಯೇಯವಾಕ್ಯವಾಗಿತ್ತು. ಅದೇ ವಿಶ್ವವಿದ್ಯಾಲಯದ ಧ್ಯೇಯವಾಕ್ಯವೂ ಆಯಿತು.

1536ರಲ್ಲಿ ಇಲ್ಲಿ 'ಸ್ಟಿಫ್ಟ್' ಎಂಬ ವಿದ್ಯಾರ್ಥಿನಿಲಯ ಆರಂಭವಾಯಿತು. ಧರ್ಮಶಾಸ್ತ್ರ ಕಲಿಯಲು ಬರುವ ಪ್ರತಿಭಾವಂತ ಹುಡುಗರಿಗೆ ಇಲ್ಲಿ ಊಟ, ವಸತಿ, ವಿದ್ಯೆ ಎಲ್ಲವೂ ವಿದ್ಯಾರ್ಥಿವೇತನದಲ್ಲಿ ದೊರೆಯುತ್ತಿತ್ತು. 1589ರಲ್ಲಿ ಹೀಗೆ ಬಂದು ಸೇರಿದವನು ಯೋಹಾನೆಸ್ ಕೆಪ್ಲರ್. ತಂದೆ ಕೂಲಿ ಸೈನಿಕ, ಮನೆಯಲ್ಲಿ ಬಡತನ. ಗಣಿತದ ಗುರು ಮೈಕೆಲ್ ಮೆಸ್ಟ್‌ಲಿನ್ ಅವನಿಗೆ ಕೊಪರ್ನಿಕಸ್‌ನ ಸೂರ್ಯಕೇಂದ್ರ ಸಿದ್ಧಾಂತವನ್ನು ಪರಿಚಯಿಸಿದರು. ಗ್ರಹಗಳು ಸೂರ್ಯನನ್ನು ದೀರ್ಘವೃತ್ತಾಕಾರದಲ್ಲಿ ಸುತ್ತುತ್ತವೆ ಎಂದು ಮುಂದೆ ಜಗತ್ತಿಗೆ ತೋರಿಸಿಕೊಟ್ಟವನು ಅದೇ ಹುಡುಗ. ಆ ವಿದ್ಯಾರ್ಥಿವೇತನ ಇಲ್ಲದಿದ್ದರೆ ಅವನ ಗತಿ ಏನಾಗುತ್ತಿತ್ತು ಎಂದು ನೀವೇ ಯೋಚಿಸಿ.

ಸುಮಾರು 200 ವರ್ಷಗಳ ನಂತರ ಇದೇ ವಿದ್ಯಾರ್ಥಿನಿಲಯದಲ್ಲಿ ಮೂವರು ಗೆಳೆಯರಿದ್ದರು: ತತ್ತ್ವಜ್ಞಾನಿಗಳಾದ ಹೆಗೆಲ್ ಮತ್ತು ಶೆಲ್ಲಿಂಗ್, ಕವಿ ಹೋಲ್ಡರ್ಲಿನ್. 1790ರಲ್ಲಿ ಸೇರಿದಾಗ ಶೆಲ್ಲಿಂಗ್‌ಗೆ ಬರೀ 15 ವರ್ಷ. ಮನೋವ್ಯಾಧಿಗೆ ತುತ್ತಾದ ಹೋಲ್ಡರ್ಲಿನ್‌ನನ್ನು 1807ರಲ್ಲಿ ಜಿಮ್ಮರ್ ಎಂಬ ಬಡಗಿ ತನ್ನ ಮನೆಗೆ ಕರೆತಂದನು. ಅವನ ಕುಟುಂಬ ಕವಿಯನ್ನು 1843ರಲ್ಲಿ ಆತ ಸಾಯುವವರೆಗೆ 36 ವರ್ಷ ನೋಡಿಕೊಂಡಿತು. ನದಿಯ ಅಂಚಿನ ಆ ಮನೆಯ ಗೋಪುರ ಇಂದು ಕವಿಯ ಸ್ಮಾರಕ.

ಗಣಕಯಂತ್ರದ ಚರಿತ್ರೆಯಲ್ಲೂ ಈ ಊರಿಗೆ ಸ್ಥಾನವಿದೆ. ಇಲ್ಲಿ ಹೀಬ್ರೂ ಭಾಷೆಯ ಪ್ರಾಧ್ಯಾಪಕರಾಗಿದ್ದ ವಿಲ್‌ಹೆಲ್ಮ್ ಶಿಕಾರ್ಡ್ ಲೆಕ್ಕ ಮಾಡುವ ಯಂತ್ರವೊಂದನ್ನು ರೂಪಿಸಿ, 1623ರಲ್ಲಿ ಕೆಪ್ಲರ್‌ಗೆ ಪತ್ರ ಬರೆದು ತಿಳಿಸಿದರು. ಪಾಸ್ಕಲ್‌ನ ಯಂತ್ರಕ್ಕಿಂತ ಅದು ಸುಮಾರು 20 ವರ್ಷ ಹಿಂದಿನದು. 1869ರಲ್ಲಿ ಕೋಟೆಯ ಹಳೆಯ ಅಡುಗೆಮನೆಯಲ್ಲಿದ್ದ ಪ್ರಯೋಗಾಲಯದಲ್ಲಿ ಫ್ರೀಡ್ರಿಖ್ ಮೀಶರ್ ಎಂಬ ತರುಣ ವೈದ್ಯ ಕೀವಿನ ಕೋಶಗಳಿಂದ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದನು. ಆಸ್ಪತ್ರೆಯವರು ಎಸೆಯುವ ಬ್ಯಾಂಡೇಜು ಬಟ್ಟೆಗಳೇ ಅವನಿಗೆ ಕಚ್ಚಾವಸ್ತು. ಇಂದು ನಾವು ಡಿಎನ್‌ಎ ಎನ್ನುವುದು ಅದನ್ನೇ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಚರಿತ್ರೆ ಹೇಳಿದಂತಾಗುತ್ತದೆ. ವಿಶ್ವವಿದ್ಯಾಲಯ ಹುಟ್ಟಿದ 1477ರಲ್ಲೇ ಎಬರ್‌ಹಾರ್ಡ್ ಊರಿನ ಯಹೂದಿಗಳನ್ನು ಹೊರಗಟ್ಟಿದನು. ಒಂದು ಕೈಯಲ್ಲಿ ವಿದ್ಯೆಯ ಬಾಗಿಲು ತೆರೆಯುತ್ತಾ ಇನ್ನೊಂದು ಕೈಯಲ್ಲಿ ನೆರೆಯವರ ಮೇಲೆ ಬಾಗಿಲು ಮುಚ್ಚಿದ್ದು ಹೀಗೆ. ಹೆಣ್ಣುಮಕ್ಕಳಿಗೂ ಬಾಗಿಲು ಬಹುಕಾಲ ತೆರೆಯಲಿಲ್ಲ. ಮಾರಿಯಾ ಫಾನ್ ಲಿಂಡೆನ್ ಎಂಬಾಕೆ ವಿಶೇಷ ಅನುಮತಿ ಪಡೆದು ತರಗತಿಯೊಳಗೆ ಕಾಲಿಟ್ಟದ್ದು 1892ರಲ್ಲಿ, ಅಂದರೆ ಸ್ಥಾಪನೆಯಾಗಿ 415 ವರ್ಷಗಳ ಬಳಿಕ!

19ನೆಯ ಶತಮಾನದಲ್ಲಿ ಯಹೂದಿಗಳು ಮತ್ತೆ ಬಂದು ನೆಲೆಸಿದರು. 1882ರಲ್ಲಿ ತಮ್ಮ ಆರಾಧನಾಲಯವನ್ನೂ ಕಟ್ಟಿಕೊಂಡರು. 1938ರ ನವೆಂಬರ್ 9ರ ರಾತ್ರಿ ನಾಜಿಗಳು ಅದಕ್ಕೆ ಬೆಂಕಿ ಹಚ್ಚಿದರು. ಅದಕ್ಕೆ ಮುನ್ನ 1933ರಲ್ಲೇ ಇಲ್ಲಿ ಪಾಠ ಹೇಳುತ್ತಿದ್ದ ಭೌತವಿಜ್ಞಾನಿ ಹಾನ್ಸ್ ಬೆಥೆ, ತಾಯಿ ಯಹೂದಿ ವಂಶದವರು ಎಂಬ ಒಂದೇ ಕಾರಣಕ್ಕೆ ಕೆಲಸ ಕಳೆದುಕೊಂಡರು. ದೇಶ ಬಿಟ್ಟು ಅಮೆರಿಕಕ್ಕೆ ಹೋದ ಅವರಿಗೆ 1967ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ನಷ್ಟ ಯಾರಿಗಾಯಿತು? ಗ್ರಂಥಾಲಯಗಳು ತುಂಬಿದ್ದ ಊರು ಅದು, ಪದವೀಧರರಿಗೂ ಕೊರತೆಯಿರಲಿಲ್ಲ. ಅನ್ಯಾಯವನ್ನು ತಡೆಯಲು ಅದಷ್ಟೇ ಸಾಲಲಿಲ್ಲ.

ಯುದ್ಧ ಮುಗಿದ ಮೇಲಿನ ಜರ್ಮನಿ ಬೇರೆ ದಾರಿ ಹಿಡಿಯಿತು. ಟರ್ಕಿ ಮೊದಲಾದ ದೇಶಗಳಿಂದ ದುಡಿಯಲು ಬಂದ ಲಕ್ಷಾಂತರ ಮುಸ್ಲಿಮರು ಅಲ್ಲೇ ನೆಲೆಸಿದರು. ಅವರ ಮಕ್ಕಳು ಶಾಲೆಗೆ ಹೋಗತೊಡಗಿದಾಗ ಇಸ್ಲಾಮನ್ನು ಬೋಧಿಸುವ ಅಧ್ಯಾಪಕರು ಬೇಕಾದರು. 2011ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಇಸ್ಲಾಮಿಕ್ ಧರ್ಮಶಾಸ್ತ್ರ ಕೇಂದ್ರ ಆರಂಭವಾಯಿತು. ಸರಕಾರದ ನೆರವಿನಿಂದ ಆ ದೇಶದಲ್ಲಿ ತಲೆಯೆತ್ತಿದ ಇಂಥ ಕೇಂದ್ರಗಳಲ್ಲಿ ಇದು ಮೊದಲನೆಯದು. ವಿಶ್ವವಿದ್ಯಾಲಯ ಹುಟ್ಟಿದ ವರ್ಷದಲ್ಲೇ ಪರಧರ್ಮದವರನ್ನು ಊರುಬಿಡಿಸಿದ ನಗರ ಇನ್ನೊಂದು ಧರ್ಮದ ಅಧ್ಯಯನಕ್ಕೆ ಪೀಠ ಕೊಡಲು 500ಕ್ಕೂ ಹೆಚ್ಚು ವರ್ಷ ಹಿಡಿಯಿತು.

ಪ್ರಿಯ ವಿದ್ಯಾರ್ಥಿಗಳೇ, ಈ ಚರಿತ್ರೆಯಿಂದ ನಾವು ಪಡೆಯಬೇಕಾದುದೇನು? ಬಡ ಸೈನಿಕನ ಮಗನಿಗೆ ಸಿಕ್ಕಿದ ಒಂದು ವಿದ್ಯಾರ್ಥಿವೇತನ ಆಕಾಶದ ಲೆಕ್ಕವನ್ನೇ ಬದಲಿಸಿತು. ಹಾಗೆಯೇ, ಬಾಗಿಲಲ್ಲಿ ನಿಂತು ವಂಶ ಕೇಳಿದ ಅದೇ ವಿದ್ಯಾಲಯ ಬೆಥೆಯಂಥ ವಿಜ್ಞಾನಿಯನ್ನು ಕಳೆದುಕೊಂಡಿತು. ವಿದ್ಯಾಸಂಸ್ಥೆ ಕಟ್ಟುವವರು ಇವೆರಡನ್ನೂ ನೆನಪಿಡಬೇಕು. ನಾಳೆ ನೀವು ಕಲಿತು ದೊಡ್ಡವರಾದಾಗ ನಿಮ್ಮ ಬಾಗಿಲಿಗೆ ಬಂದ ಮಗುವಿನ ಹೆಸರು, ಕುಲ ಕೇಳುವ ಮೊದಲು ಅದು ಏನು ಕಲಿಯಬಯಸುತ್ತದೆ ಎಂದು ಕೇಳಿರಿ.